ರೋಗಿಯಾದ ಮಗನ ಶರೀರಾಂಶವನ್ನು ವಿದ್ಯೆಗೆ ಕೊಡಬಹುದೋ?



ಕಳೆದ ವರುಷ ಸುಗ್ಗಿಯ ಹಬ್ಬ ಮುಗಿದ ಎರಡನೆಯ ದಿನ ನಮ್ಮ ಸಭೆಯ ಒಬ್ಬ ತಾಯಿಯು ಒಂದು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಆಕೆಯ ಮಗನಿಗೆ ಒಂಭತ್ತು ವರುಷ. ಐದನೆಯ ವರುಷದಿಂದಲೇ ಅವನು ಓಡುವಾಗ ಮುಗ್ಗರಿಸಿ ಬೀಳುತ್ತಿದ್ದನು. ಈಗ ಮೆಟ್ಟಲುಗಳನ್ನು ಹತ್ತಲಾರನು. ದೊಡ್ಡ ಊರಿನ ವೈದ್ಯರು ಇದು ಡುಶೆನ್ ಎಂಬ ಹೆಸರಿನ ಸ್ನಾಯುಕ್ಷಯವೆಂದು ತಿಳಿಸಿದ್ದರು. ಅವರೇ ಈ ಕಾಗದವನ್ನೂ ಕೊಟ್ಟಿದ್ದರು. ಹುಡುಗನ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮವನ್ನು ತೆಗೆದುಕೊಂಡು, ಅದರೊಳಗಣ ಜೀವಕೋಶಗಳನ್ನು ಬೆಳೆಸಿ, ಅವುಗಳಿಂದ ಸ್ನಾಯುವನ್ನು ಉಂಟುಮಾಡಿ, ಆ ಸ್ನಾಯುವಿನ ಮೇಲೆ ಔಷಧಗಳನ್ನು ಪರೀಕ್ಷಿಸಲು ಒಪ್ಪುವಿರೋ ಎಂದು ಅದರಲ್ಲಿ ಕೇಳಲ್ಪಟ್ಟಿತ್ತು. ಇದರಿಂದ ನಿಮ್ಮ ಮಗನಿಗೆ ಗುಣವಾಗುವದೆಂದು ನಾವು ಹೇಳಲಾರೆವು ಎಂಬದನ್ನೂ ವೈದ್ಯರು ಮುಚ್ಚದೆ ಹೇಳಿದ್ದರು.

“ಅಯ್ಯನವರೇ, ಮಾಂಸವನ್ನು ಮಾಡುವವನು ದೇವರೊಬ್ಬನೇ ಅಲ್ಲವೋ? ಇದು ಆತನ ಕೆಲಸಕ್ಕೆ ಕೈಹಾಕಿದ ಹಾಗೆ ಆಗುವದಿಲ್ಲವೋ?” ಎಂದು ಆ ತಾಯಿ ಕೇಳಿದಳು. ಆಕೆಯ ಹಿಂದೆಯೇ ಬಂದಿದ್ದ ಅತ್ತೆಯು, “ನಮ್ಮ ಹುಡುಗನಿಗೆ ಗುಣವಿಲ್ಲದ ಮೇಲೆ ಅವನನ್ನು ಯಾಕೆ ಕೊಯ್ಯಿಸಬೇಕು?” ಎಂದಳು.

ನಾವು ಹೆಚ್ಚು ಯೋಚಿಸಲಿಲ್ಲ. ನೆರೆಯವರ ಮೇಲಣ ಪ್ರೀತಿಯ ವಿಷಯವಾಗಿ ಎರಡು ಮಾತುಗಳನ್ನು ಹೇಳಿ, “ಕೊಡಿರಿ, ಅಮ್ಮಾ, ಮುಂದೆ ಬೇರೆ ಮಕ್ಕಳಿಗೆ ಉಪಕಾರವಾಗುವದು” ಎಂದೆವು. ಆಗ ಆ ತಾಯಿ ತಲೆಯೆತ್ತಿ, “ನಿಮಗೆ ಹೇಳುವದು ಸುಲಭ, ಅಯ್ಯನವರೇ. ಚುಚ್ಚುವದು ನಿಮ್ಮ ಮಗನನ್ನಲ್ಲ” ಎಂದಳು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹದಿನೈದು ದಿನಗಳ ಅವಧಿಯನ್ನು ಬೇಡಿಕೊಂಡು, ತಿಳಿದವರನ್ನು ವಿಚಾರಿಸಿ, ಓದತಕ್ಕದ್ದನ್ನು ಓದಿದೆವು. ಇಂಥಾ ಕಾಗದಗಳು ಇನ್ನು ಮೇಲೆ ಬೇರೆ ಹಳ್ಳಿಗಳ ಸಭೆಗಳಿಗೂ ಬರಬಹುದಾದ್ದರಿಂದ ನಮಗೆ ತೋರಿದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ರೋಗದ ವಿಷಯ. ಗಂಡುಮಕ್ಕಳಲ್ಲಿ ಸುಮಾರು 3500ರಿಂದ 5000ಕ್ಕೆ ಒಬ್ಬನು ಈ ರೋಗದೊಂದಿಗೆ ಹುಟ್ಟುತ್ತಾನೆ. ಹುಟ್ಟಿದಾಗ ಏನೂ ಕಾಣುವದಿಲ್ಲ. ಮೂರು ನಾಲ್ಕು ವರುಷವಾದ ಮೇಲೆ ಮಗುವು ಓರಗೆಯವರ ಸಂಗಡ ಓಡಲಾರದೆ ಹಿಂದೆ ಬೀಳುವದು. ನೆಲದಿಂದ ಏಳುವಾಗ ಕೈಗಳನ್ನು ಮೊದಲು ಮೊಣಕಾಲಿನ ಮೇಲೆ, ಆಮೇಲೆ ತೊಡೆಯ ಮೇಲೆ ಊರಿ, ತನ್ನ ಮೈಯನ್ನೇ ಏಣಿಯಾಗಿ ಹತ್ತಿದ ಹಾಗೆ ಮೇಲಕ್ಕೇಳುವದು. ಇದನ್ನು ಲಂಡನಿನ ಗವರ್ಸ್ ಎಂಬ ವೈದ್ಯರು 1879ರಲ್ಲಿ ವಿವರಿಸಿದ್ದರಿಂದ ಆ ಗುರುತಿಗೆ ಇಂದಿಗೂ ಅವರ ಹೆಸರೇ ಉಂಟು. ಮೀನಖಂಡಗಳು ದಪ್ಪಗೆ ಕಾಣುವದರಿಂದ ಅಜ್ಜಿಯಂದಿರು ಹುಡುಗನು ಬಲಶಾಲಿಯಾಗುತ್ತಾನೆಂದು ಸಂತೋಷಪಡುವದುಂಟು. ಆದರೆ ಅಲ್ಲಿ ತುಂಬಿರುವದು ಸ್ನಾಯುವಲ್ಲ, ಕೊಬ್ಬೂ ಗಾಯದ ನಾರೂ ಆಗಿವೆ. ಸುಮಾರು ಹನ್ನೆರಡನೆಯ ವಯಸ್ಸಿನೊಳಗೆ ನಡೆಯುವದು ನಿಂತುಹೋಗುತ್ತದೆ. ಕಡೆಗೆ ಉಸಿರಾಟದ ಸ್ನಾಯುಗಳೂ ಹೃದಯವೂ ಸೋಲುತ್ತವೆ. ಪ್ರೆಡ್ನಿಸೊಲೋನ್ ಮೊದಲಾದ ಔಷಧಗಳು ರೋಗದ ನಡೆಯನ್ನು ನಿಧಾನಿಸುತ್ತವೆ. ಉಸಿರಿಗೆ ಯಂತ್ರದ ಸಹಾಯವೂ ಒಳ್ಳೆಯ ಆರೈಕೆಯೂ ದೊರೆತವರು ಮೂವತ್ತು ವರುಷಗಳಾಚೆಗೂ ಬದುಕುತ್ತಾರೆ. ಬೇರುಸಹಿತ ಕೀಳುವ ಔಷಧವು ಇನ್ನೂ ದೊರಕಲಿಲ್ಲ.

ಡುಶೆನ್ ಎಂಬವರು ಫ್ರಾನ್ಸ್ ದೇಶದ ವೈದ್ಯರು. 1860ರ ದಶಕದಲ್ಲಿ ಇದನ್ನು ಕುರಿತು ವಿಸ್ತಾರವಾಗಿ ಬರೆದರು. ಆದರೆ ಅವರಿಗಿಂತ ಮುಂಚೆ, 1852ರಲ್ಲಿ, ಎಡ್ವರ್ಡ್ ಮೆರ್ಯನ್ ಎಂಬ ಇಂಗ್ಲಿಷ್ ವೈದ್ಯರು ಒಂದೇ ಮನೆಯ ಗಂಡುಮಕ್ಕಳಲ್ಲಿ ಈ ರೋಗವಿದ್ದದ್ದನ್ನೂ, ಸ್ನಾಯುವಿನ ಎಳೆಗಳ ಹೊರಪೊರೆಯು ಹರಿದುಹೋಗಿದ್ದದ್ದನ್ನೂ ನೋಡಿ ಬರೆದಿಟ್ಟಿದ್ದರು. ಹೆಸರು ಮಾತ್ರ ಎರಡನೆಯವರದೇ ನಿಂತಿತು. ಲೋಕದಲ್ಲಿ ಇಂಥಾದ್ದು ಆಗುತ್ತಲೇ ಇರುತ್ತದೆ. ಆ ಪೊರೆಯು ಯಾಕೆ ಹರಿಯುತ್ತದೆಂಬದು 1987ರ ಸುಮಾರಿಗೆ ಗೊತ್ತಾಯಿತು. ಅಮೇರಿಕದ ಲೂಯಿಸ್ ಕುಂಕೆಲ್ ಎಂಬವರೂ ಅವರ ಸಂಗಡಿಗರೂ ಈ ರೋಗದ ವಂಶವಾಹಿಯನ್ನು ಕಂಡುಹಿಡಿದು, ಅದು ಉಂಟುಮಾಡುವ ಪದಾರ್ಥಕ್ಕೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ನೊಗವನ್ನು ನೇಗಿಲಿಗೆ ಬಿಗಿಯುವ ಮಿಣಿಯ ಹಾಗೆ ಈ ಡಿಸ್ಟ್ರೋಫಿನ್ ಸ್ನಾಯುವಿನ ಎಳೆಯ ಒಳಗಣ ಹುರಿಗಳನ್ನು ಹೊರಪೊರೆಗೆ ಕಟ್ಟಿಹಿಡಿಯುತ್ತದೆ. ಮಿಣಿಯಿಲ್ಲದೆ ಎತ್ತುಗಳು ಎಳೆದರೆ ಏನಾಗುವದೆಂದು ಒಕ್ಕಲಿಗರಾದ ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಹುಡುಗನು ಒಂದೊಂದು ಹೆಜ್ಜೆ ಇಟ್ಟಾಗಲೂ ಅವನ ಸ್ನಾಯುಗಳ ಪೊರೆಯು ಸ್ವಲ್ಪ ಸ್ವಲ್ಪವಾಗಿ ಹರಿಯುವದು. ಶರೀರವು ಅದನ್ನು ಹೊಲಿಯುತ್ತಾ ಹೊಲಿಯುತ್ತಾ ಕಡೆಗೆ ಸೋಲುವದು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಈ ದೋಷವು ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆಂದು ವೈದ್ಯರು ಹೇಳಿದ ದಿನದಿಂದ ಆ ಮನೆಯಲ್ಲಿ ಸೊಸೆಯನ್ನು ನೋಡುವ ನೋಟವೇ ಬೇರೆಯಾಯಿತು. ಬಾವಿಯ ಕಟ್ಟೆಯ ಮೇಲೆಯೂ ಮಾತುಗಳು ಹುಟ್ಟಿದವು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ವಿಚಾರಿಸಿದ್ದನ್ನೂ, ಯೇಸು ಸ್ವಾಮಿಯು ಎರಡನ್ನೂ ತಳ್ಳಿಬಿಟ್ಟದ್ದನ್ನೂ ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದವರಲ್ಲವೇ? ಓದಿದವರೇ ಹೀಗೆ ಮಾತಾಡಿದರೆ ಓದದವರಿಗೆ ಏನು ಹೇಳೋಣ? ವಿದ್ಯೆಯೂ ಈ ವಿಷಯದಲ್ಲಿ ತಾಯಂದಿರ ಪಕ್ಷವಾಗಿಯೇ ನಿಲ್ಲುತ್ತದೆ. ಈ ರೋಗವುಳ್ಳ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬನ ದೋಷವು ತಾಯಿಯಲ್ಲಿ ಇರುವದೇ ಇಲ್ಲ. ಅದು ಹೊಸದಾಗಿ ಹುಟ್ಟಿದ್ದು. ಡಿಸ್ಟ್ರೋಫಿನಿನ ವಂಶವಾಹಿಯು ಮನುಷ್ಯನಲ್ಲಿರುವ ಬಹು ದೊಡ್ಡ ವಂಶವಾಹಿಗಳಲ್ಲಿ ಒಂದು, ಸುಮಾರು 22 ಲಕ್ಷ ಅಕ್ಷರಗಳಷ್ಟು ಉದ್ದವುಳ್ಳದ್ದು. ಅಷ್ಟು ಉದ್ದದ ಬರಹವನ್ನು ನಕಲು ಮಾಡುವಾಗ ಎಲ್ಲಿಯೋ ಒಂದು ಸಾಲು ಬಿಟ್ಟುಹೋದರೆ ಅದು ಯಾವ ತಾಯಿಯ ಅಪರಾಧ?

ಇನ್ನು ಸ್ನಾಯುವನ್ನು ಹೊರಗೆ ಬೆಳೆಸುವದು ಯಾಕೆಂಬದನ್ನು ನೋಡೋಣ. ಔಷಧವನ್ನು ಪರೀಕ್ಷಿಸಬೇಕಾದರೆ ರೋಗವುಳ್ಳ ಸ್ನಾಯು ಬೇಕು. ಈಗಾಗಲೇ ಸವೆದುಹೋಗುತ್ತಿರುವ ಮಗುವಿನ ತೊಡೆಯಿಂದ ಮತ್ತೆ ಮತ್ತೆ ಮಾಂಸವನ್ನು ಕೊಯ್ಯುವದು ಕ್ರೂರತನ, ಹೃದಯವನ್ನಂತೂ ಕೊಯ್ಯಲಾಗದು. ಇಲಿಗಳಿಲ್ಲವೋ ಎಂದು ನಾವೂ ಕೇಳಿದೆವು. ಡಿಸ್ಟ್ರೋಫಿನ್ ಇಲ್ಲದ ಒಂದು ಇಲಿಯ ಸಂತತಿಯು 1984ರಿಂದಲೂ ವಿದ್ವಾಂಸರ ಕೈಯಲ್ಲಿದೆ. ಆದರೆ ಆ ಇಲಿಗೆ ರೋಗವು ಅಷ್ಟಾಗಿ ಬಾಧಿಸುವದಿಲ್ಲ. ಅದು ಓಡಾಡಿಕೊಂಡೇ ಇರುತ್ತದೆ. ಇಲಿಯಲ್ಲಿ ಫಲಿಸಿದ ಔಷಧವು ಹುಡುಗನಲ್ಲಿ ಫಲಿಸುವದೆಂಬ ಭರವಸೆ ಇಲ್ಲ. ಹೀಗಿರಲಾಗಿ ಮನುಷ್ಯನ ಸ್ನಾಯುವೇ ಬೇಕಾಯಿತು.

ಸ್ಟೆಮ್ ಸೆಲ್ಲುಗಳೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕನ್ನಡದಲ್ಲಿ ಆಕರಕೋಶಗಳೆಂದು ಕರೆಯುತ್ತಾರೆ. ತಾಯಿಯ ಗರ್ಭದಲ್ಲಿ ಮೊದಲ ಕೆಲವು ದಿನಗಳ ಭ್ರೂಣದೊಳಗೆ ಇರುವ ಕೋಶಗಳು ಇನ್ನೂ ಎಲುಬೂ ಅಲ್ಲ, ರಕ್ತವೂ ಅಲ್ಲ, ಸ್ನಾಯುವೂ ಅಲ್ಲ. ಆದರೆ ಇವೆಲ್ಲವೂ ಆಗಬಲ್ಲವು. 1998ರಲ್ಲಿ ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಎಂಬವರು ಮನುಷ್ಯಭ್ರೂಣದಿಂದ ಇಂಥಾ ಕೋಶಗಳನ್ನು ತೆಗೆದು ಗಾಜಿನ ಬಟ್ಟಲಿನಲ್ಲಿ ಬೆಳೆಸಿದರು. ಹಾಗೆ ತೆಗೆಯುವಾಗ ಭ್ರೂಣವು ನಾಶವಾಗುತ್ತದೆ. ಅಲ್ಲಿಂದ ಜಗಳವೂ ಹುಟ್ಟಿತು.

ಒಮ್ಮೆ ಚರ್ಮವಾದ ಕೋಶವು, ಒಮ್ಮೆ ರಕ್ತವಾದ ಕೋಶವು, ತಿರುಗಿ ಆ ಮೊದಲ ಸ್ಥಿತಿಗೆ ಹೋಗಲಾರದೆಂದು ಬಹುಕಾಲ ಎಲ್ಲರೂ ನಂಬಿದ್ದರು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಮೊಸರನ್ನು ತಿರುಗಿ ಹಾಲು ಮಾಡಿದ ಹೆಂಗಸು ಯಾವ ಊರಲ್ಲಿಯೂ ಇಲ್ಲ. ಕೋಶಗಳೂ ಹಾಗೆಯೇ ಎಂದು ತಿಳಿದಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಎಂಬವರು ಕಪ್ಪೆಯ ಕರುಳಿನ ಕೋಶದ ತಿರುಳನ್ನು ಕಪ್ಪೆಯ ಮೊಟ್ಟೆಯೊಳಗೆ ಇಟ್ಟು, ಅದರಿಂದ ಗೊದಮೊಟ್ಟೆಗಳು ಹುಟ್ಟಿದ್ದನ್ನು ಪ್ರಕಟಿಸಿದಾಗ ಈ ನಂಬಿಕೆ ಅಲುಗಾಡಿತು. ಅದೇ ವರುಷದಲ್ಲಿ ಜಪಾನಿನಲ್ಲಿ ಹುಟ್ಟಿದ ಶಿನ್ಯಾ ಯಮನಾಕ ಎಂಬವರು ದೊಡ್ಡವರಾಗಿ, ಎಲುಬಿನ ವೈದ್ಯರಾಗಲು ಕಲಿತು, ಆಮೇಲೆ ಪ್ರಯೋಗಶಾಲೆಯನ್ನು ಸೇರಿದರು. ಭ್ರೂಣದ ಕೋಶಗಳಲ್ಲಿ ಕೆಲಸಮಾಡುವ ವಂಶವಾಹಿಗಳಲ್ಲಿ 24ನ್ನು ಆರಿಸಿ, ಒಂದೊಂದಾಗಿ ಬಿಟ್ಟು ನೋಡಿ, ಕಡೆಗೆ ನಾಲ್ಕೇ ನಾಲ್ಕು ಸಾಕೆಂದು ಕಂಡುಕೊಂಡರು. ಆ ನಾಲ್ಕನ್ನು ಚರ್ಮದ ಕೋಶದೊಳಗೆ ಸೇರಿಸಿದರೆ ಅದು ಕೆಲವು ವಾರಗಳಲ್ಲಿ ಆಕರಕೋಶದಂತೆ ಆಗುತ್ತದೆ. 2006ರಲ್ಲಿ ಇಲಿಯ ಕೋಶದಲ್ಲಿಯೂ 2007ರಲ್ಲಿ ಮನುಷ್ಯನ ಕೋಶದಲ್ಲಿಯೂ ಇದನ್ನು ತೋರಿಸಿದರು. 2012ರಲ್ಲಿ ಗರ್ಡನರಿಗೂ ಯಮನಾಕರಿಗೂ ಒಟ್ಟಾಗಿ ನೊಬೆಲ್ ಬಹುಮಾನವು ದೊರೆಯಿತು. ಮೊಸರು ತಿರುಗಿ ಹಾಲಾಯಿತು!

ಆ ಹಾಲನ್ನು ಈಗ ಸ್ನಾಯುವಿನ ಕಡೆಗೆ ತಿರುಗಿಸಬೇಕು. ಗರ್ಭದಲ್ಲಿ ಮಗುವಿನ ಬೆನ್ನಿನ ಎರಡು ಪಕ್ಕಗಳಲ್ಲಿ ಸಾಲಾಗಿ ಗಂಟುಗಳು ಮೂಡುತ್ತವೆ. ಬೆನ್ನಿನ ಮತ್ತು ಕೈಕಾಲುಗಳ ಸ್ನಾಯುಗಳು ಆ ಗಂಟುಗಳಿಂದ ಹುಟ್ಟುತ್ತವೆ. ಯಾವ ಸೂಚನೆಯು ಮೊದಲು, ಯಾವದು ಆಮೇಲೆ ಆ ಕೋಶಗಳಿಗೆ ಮುಟ್ಟುತ್ತದೆಂಬದನ್ನು ಕೋಳಿಯ ಮತ್ತು ಇಲಿಯ ಭ್ರೂಣಗಳಲ್ಲಿ ಬಹು ವರುಷಗಳ ವರೆಗೆ ನೋಡಿ ಕಲಿತವರು ಒಲಿವಿಯೆ ಪುರ್ಕಿಯೆ ಎಂಬ ಫ್ರೆಂಚ್ ವಿದ್ವಾಂಸರೂ ಅವರ ಸಂಗಡಿಗರೂ. ಅದೇ ಕ್ರಮದಲ್ಲಿ ಅದೇ ಸೂಚನೆಗಳನ್ನು ಬಟ್ಟಲಿನ ರಸದೊಳಗೆ ಬೆರೆಸುತ್ತಾ ಹೋದರೆ ವಾರಗಳು ಕಳೆದ ಮೇಲೆ ಕೋಶಗಳು ಒಂದರೊಡನೊಂದು ಕೂಡಿ ಉದ್ದವಾದ ಎಳೆಗಳಾಗಿ, ತಾವಾಗಿಯೇ ಮಿಡಿಯಲು ಆರಂಭಿಸುತ್ತವೆಂದು ಅವರು 2015ರಲ್ಲಿ ಪ್ರಕಟಿಸಿದರು. ರೋಗವುಳ್ಳ ಇಲಿಯ ಕೋಶಗಳಿಂದ ಬೆಳೆದ ಎಳೆಗಳು ನೆಟ್ಟಗೆ ಬೆಳೆಯದೆ ಕವಲೊಡೆದವು. ಅಂದರೆ ರೋಗವು ಬಟ್ಟಲಿನಲ್ಲಿಯೂ ತನ್ನ ಮುಖವನ್ನು ತೋರಿಸಿತು. ಅದೇ ವರುಷ ಕ್ಯೋಟೋ ವಿಶ್ವವಿದ್ಯಾಲಯದವರು ಡುಶೆನ್ ರೋಗವುಳ್ಳ ಒಬ್ಬನ ಕೋಶಗಳನ್ನು ಆಕರಕೋಶಗಳಾಗಿ ಮಾಡಿ, ವಂಶವಾಹಿಯಲ್ಲಿದ್ದ ತಪ್ಪನ್ನು ತಿದ್ದಿ, ಅವುಗಳಿಂದ ಬೆಳೆಸಿದ ಸ್ನಾಯುಕೋಶಗಳಲ್ಲಿ ಡಿಸ್ಟ್ರೋಫಿನ್ ಕಾಣಿಸಿಕೊಂಡದ್ದನ್ನು ಪ್ರಕಟಿಸಿದರು. 2018ರಲ್ಲಿ ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇಂಥಾ ಕೋಶಗಳಿಂದ ಮಾಡಿದ ಸ್ನಾಯುವಿನ ಸಣ್ಣ ತುಂಡಿಗೆ ವಿದ್ಯುತ್ತನ್ನು ಮುಟ್ಟಿಸಿದಾಗ ಅದು ನಿಜವಾದ ಸ್ನಾಯುವಿನಂತೆ ಬಿಗಿದು ಎಳೆಯಿತು.

ಆದರೂ ಇದನ್ನು ಕೇಳಿ ಯಾರೂ ಬಟ್ಟಲಿನಲ್ಲಿ ತೋಳುಗಳು ಬೆಳೆಯುತ್ತಿವೆ ಎಂದು ನೆನಸಬಾರದು. ಬಟ್ಟಲಿನ ಸ್ನಾಯು ಇನ್ನೂ ಹುಟ್ಟದ ಕೂಸಿನ ಸ್ನಾಯುವಿನಷ್ಟು ಎಳೆಯದು. ಅದಕ್ಕೆ ಮೂಳೆಯಿಲ್ಲ, ರಕ್ತ ಹರಿಯುವ ನಾಳಗಳಿಲ್ಲ, ಅದಕ್ಕೆ ಅಪ್ಪಣೆ ಕೊಡುವ ಮನಸ್ಸಿಲ್ಲ. ಅದು ಒಂದು ಗುರುತು ಮಾತ್ರ. ಔಷಧವನ್ನು ಹಾಕಿದರೆ ಪೊರೆಯು ಹರಿಯುವದು ನಿಲ್ಲುತ್ತದೋ ಇಲ್ಲವೋ ಎಂದು ನೋಡುವದಕ್ಕೆ ಪ್ರಯೋಜನವಾಗುವದು.

ಹೀಗೆ ನೋಡಿದರೆ ಆ ತಾಯಿಯ ಮೊದಲ ಪ್ರಶ್ನೆಗೆ ಉತ್ತರ ಕೊಡುವದು ಅಷ್ಟು ಕಷ್ಟವಲ್ಲ. ಹೆಪ್ಪು ಹಾಕಿದವಳು ಮೊಸರನ್ನು ಸೃಷ್ಟಿಸಿದವಳಲ್ಲ. ಮಾವಿಗೆ ಕಸಿಕಟ್ಟಿದವನು ಮರದ ಕರ್ತನಲ್ಲ. ಯಮನಾಕರು ಕೋಶಕ್ಕೆ ಹೊಸ ಶಕ್ತಿಯನ್ನು ಕೊಡಲಿಲ್ಲ; ಮೊದಲೇ ಇಡಲ್ಪಟ್ಟಿದ್ದ ಶಕ್ತಿಯು ಕಳೆದುಹೋಗಲಿಲ್ಲವೆಂದು ತೋರಿಸಿದರು. ಇದನ್ನು ತಿಳಿದಾಗ ನಮಗೆ ಹೆದರಿಕೆಗಿಂತ ಸ್ತೋತ್ರವೇ ಬಾಯಿಗೆ ಬಂತು.

ಭ್ರೂಣದ ವಿಷಯವು ಹಾಗಲ್ಲ. ಆ ಕಾಗದದಲ್ಲಿ ಭ್ರೂಣವನ್ನು ಯಾರೂ ಕೇಳಿರಲಿಲ್ಲ. ಆದರೂ ಇದರ ಪಕ್ಕದಿಂದ ಮುಖತಿರುಗಿಸಿ ನಡೆಯುವದು ಸರಿಯಲ್ಲ. ಮಕ್ಕಳಿಲ್ಲದವರು ವೈದ್ಯರ ಸಹಾಯದಿಂದ ಗರ್ಭವನ್ನು ಪಡೆಯುವಾಗ ಬಳಸದೆ ಉಳಿದ ಭ್ರೂಣಗಳನ್ನು, ಹೆತ್ತವರ ಒಪ್ಪಿಗೆಯಿಂದ, ಈ ಕೆಲಸಕ್ಕೆ ಉಪಯೋಗಿಸುತ್ತಾರೆ. ಅವು ಹೇಗೂ ಬಿಸಾಡಲ್ಪಡುವವು, ಅದಕ್ಕಿಂತ ರೋಗಿಗಳಿಗೆ ಪ್ರಯೋಜನವಾಗುವದು ಒಳ್ಳೇದಲ್ಲವೋ ಎಂದು ಒಂದು ಪಕ್ಷದವರು ಹೇಳುತ್ತಾರೆ. ನಮ್ಮ ದೇಶದ ನಿಯಮಗಳೂ ಸೇರಿ ಅನೇಕ ದೇಶಗಳ ನಿಯಮಗಳು ಹದಿನಾಲ್ಕು ದಿನಗಳನ್ನು ಮೀರಿ ಭ್ರೂಣವನ್ನು ಬಟ್ಟಲಿನಲ್ಲಿ ಬೆಳೆಸಬಾರದೆಂದು ಗೆರೆ ಎಳೆದಿವೆ. ಪ್ರೊಟೆಸ್ಟಂಟ್ ಸಭೆಗಳೊಳಗೆ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿಲ್ಲ. ಭಕ್ತಿವಂತರೇ ಎರಡು ಕಡೆಗಳಲ್ಲಿಯೂ ಇದ್ದಾರೆ. ನಮ್ಮ ಮನಸ್ಸಾಕ್ಷಿಯು ಮಾತ್ರ ಹೀಗೆ ಹೇಳುತ್ತದೆ: ಗರ್ಭದೊಳಗೆ ಇನ್ನೂ ರೂಪವಾಗದವನನ್ನೂ ದೇವರ ಕಣ್ಣು ಕಂಡಿತೆಂದು 139ನೆಯ ಕೀರ್ತನೆಯಿಂದ ಕಲಿತ ನಾವು, ನಾಶಮಾಡುವದಕ್ಕೋಸ್ಕರವೇ ಭ್ರೂಣವನ್ನು ಉಂಟುಮಾಡುವದಕ್ಕೆ ಆಮೆನ್ ಎನ್ನಲಾರೆವು. ಯಮನಾಕರು ಕ್ರೈಸ್ತ ಬೋಧಕರಲ್ಲ. ಆದರೂ ಸ್ನೇಹಿತರೊಬ್ಬರ ವೈದ್ಯಶಾಲೆಯಲ್ಲಿ ಸೂಕ್ಷ್ಮದರ್ಶಕದೊಳಗಿಂದ ಒಂದು ಭ್ರೂಣವನ್ನು ನೋಡಿದಾಗ, ಇದಕ್ಕೂ ತನ್ನ ಹೆಣ್ಣುಮಕ್ಕಳಿಗೂ ಎಷ್ಟೊಂದು ಸ್ವಲ್ಪ ಭೇದವೆಂದು ಅವರಿಗೆ ತೋಚಿತಂತೆ. ಬೇರೆ ದಾರಿಯನ್ನು ಹುಡುಕಬೇಕೆಂಬ ಮನಸ್ಸು ಅಲ್ಲಿಂದ ಬಲವಾಯಿತೆಂದು ಅವರೇ ತಿಳಿಸಿದ್ದಾರೆ. ಆ ಒಂದು ನೋಟದಿಂದ ವಿದ್ಯೆಗೆ ಹಾನಿಯಾಯಿತೋ? ಹೊಸ ಬಾಗಲೇ ತೆರೆಯಿತಲ್ಲವೇ?

ಆದರೆ ಕೈತೊಳೆದುಕೊಂಡು ಕುಳಿತುಕೊಳ್ಳುವದಕ್ಕೂ ನಮಗೆ ಎಡೆಯಿಲ್ಲ. ಭ್ರೂಣದ ಕೋಶಗಳಿಂದ ಕಲಿತ ಪಾಠವಿಲ್ಲದೆ ಈ ಎರಡನೆಯ ದಾರಿಯು ದೊರೆಯುತ್ತಿರಲಿಲ್ಲ. ಹಣ್ಣನ್ನು ತಿನ್ನುವವನು ಆ ಮರವನ್ನು ತಾನು ಕಂಡೇ ಇಲ್ಲವೆಂದು ಹೇಳಬಾರದು. ಈ ಗಂಟನ್ನು ನಾವು ಪೂರ್ತಿಯಾಗಿ ಬಿಚ್ಚಲಾರದೆ ಹೋದೆವೆಂದು ಒಪ್ಪಿಕೊಳ್ಳುತ್ತೇವೆ.

ಈಗ ಅಜ್ಜಿಯ ಪ್ರಶ್ನೆ. ನಮಗೆ ನಿಜವಾಗಿ ಭಾರವಾದದ್ದು ಇದೇ. ಫಲವು ತನಗೆ ಬಾರದಿರುವಲ್ಲಿ ಒಬ್ಬನು ತನ್ನ ಶರೀರದಿಂದ ಯಾಕೆ ಕೊಡಬೇಕು? ಅದಕ್ಕಿಂತ ಹೆಚ್ಚಾಗಿ, ತಂದೆತಾಯಿಗಳು ಮಗುವಿನ ಶರೀರದಿಂದ ಯಾಕೆ ಕೊಡಬೇಕು?

ಕೇಳದೆಯೇ ತೆಗೆದುಕೊಂಡ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಅಮೇರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ಬಡ ಹೆಂಗಸು ಗರ್ಭಕೊರಳಿನ ಕ್ಯಾನ್ಸರಿನಿಂದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದಳು. ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದವಳು. ಐದು ಮಕ್ಕಳ ತಾಯಿ. ವೈದ್ಯರು ಆಕೆಯ ಗಡ್ಡೆಯಿಂದ ಒಂದು ಚೂರನ್ನು, ಆಕೆಯನ್ನು ಕೇಳದೆ, ಪ್ರಯೋಗಶಾಲೆಗೆ ಕಳುಹಿಸಿದರು. ಅದೇ ವರುಷ ಅಕ್ಟೋಬರಿನಲ್ಲಿ ಆಕೆಯು ತೀರಿಹೋದಳು. ಆಕೆಯ ಕೋಶಗಳಾದರೋ ಸಾಯಲಿಲ್ಲ. ಲೋಕದ ಎಲ್ಲಾ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಾ ಬಂದವು. ಪೋಲಿಯೋ ಲಸಿಕೆಯ ಪರೀಕ್ಷೆಯಲ್ಲಿಯೂ ಅವು ಉಪಯೋಗವಾದವು. ನಮ್ಮ ಮಕ್ಕಳಿಗೆ ಹಾಕಿಸಿದ ಹನಿಗಳ ಹಿಂದೆಯೂ ಆಕೆಯ ಋಣವುಂಟೆಂದು ಹೇಳಬಹುದು. ಆದರೆ ಆಕೆಯ ಮಕ್ಕಳಿಗೆ ಇದು ತಿಳಿದದ್ದು 1970ರ ದಶಕದಲ್ಲಿ. ಆ ಕೋಶಗಳಿಂದ ಲಾಭ ಮಾಡಿಕೊಂಡ ಒಂದು ಕಂಪೆನಿಯು ಆಕೆಯ ಮನೆಯವರ ಸಂಗಡ ರಾಜಿ ಮಾಡಿಕೊಂಡದ್ದು 2023ರಲ್ಲಿ. ಲೋಕಕ್ಕೆ ಒಳ್ಳೆಯದಾಯಿತೆಂಬದರಿಂದ ಕೇಳದೆ ತೆಗೆದದ್ದು ಸರಿಯಾಯಿತೋ? ಇಲ್ಲ. ಕೇಳಿದ್ದರೆ ಆಕೆಯು ಕೊಡುತ್ತಿದ್ದಳೋ ಏನೋ. ಕೊಟ್ಟವಳೆಂಬ ಮಾನವಾದರೂ ಆಕೆಗೆ ಇರುತ್ತಿತ್ತು. ಆ ಮಾನವನ್ನು ಕಸುಕೊಂಡರು.

ಇದನ್ನು ಓದಿದ ಮೇಲೆ ನಾವು ಆ ಕಾಗದವನ್ನು ಬೇರೆ ಕಣ್ಣುಗಳಿಂದ ನೋಡಿದೆವು. ಕೇಳುವದೆಂಬದು ಬರೀ ಸಹಿ ಹಾಕಿಸುವ ಶಾಸ್ತ್ರವಲ್ಲ. ಬಡವನ ಬಾಗಲಲ್ಲಿ ನಿಂತು, ಇದು ನಿನ್ನದು, ಇಲ್ಲವೆನ್ನುವ ಅಧಿಕಾರವೂ ನಿನ್ನದು ಎಂದು ಒಪ್ಪಿಕೊಳ್ಳುವದು ಅದರಲ್ಲಿ ಅಡಗಿದೆ. ಇಲ್ಲವೆನ್ನಲು ಬಿಡದ ಕಡೆ ಕೊಡುವದಕ್ಕೆ ಅರ್ಥವೇ ಇಲ್ಲ. ನಾವು ಆ ತಾಯಿಗೆ “ಕೊಡಿರಿ” ಎಂದು ಸತ್ಯವೇದವನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದಾಗ ಆಕೆಯ ಆ ಅಧಿಕಾರವನ್ನು ನಾವೇ ಕಸುಕೊಂಡೆವಲ್ಲವೇ? ಉಪದೇಶಿಯ ಮಾತಿಗೆ ಹಳ್ಳಿಯಲ್ಲಿ ಎಷ್ಟು ತೂಕವೆಂದು ನಮಗೆ ಗೊತ್ತಿಲ್ಲದೆ ಇಲ್ಲ.

ನಾವು ತಿರುಗಿ ಆ ಮನೆಗೆ ಹೋಗಿ, ನಮ್ಮ ಮೊದಲ ಮಾತನ್ನು ಹಿಂತೆಗೆದುಕೊಂಡೆವೆಂದು ಹೇಳಿದೆವು. ಅಜ್ಜಿಯು ನಮ್ಮನ್ನು ಸ್ವಲ್ಪ ಹೊತ್ತು ನೋಡಿ ಮಜ್ಜಿಗೆ ತಂದುಕೊಟ್ಟಳು. ಆ ಹೊತ್ತಿಗೆ ಮನೆಯೊಳಗಿನ ಇನ್ನೊಂದು ಸಂಗತಿಯೂ ಹೊರಬಿತ್ತು. ಎರಡು ವರುಷಗಳ ಹಿಂದೆ ಒಬ್ಬ ಮಧ್ಯಸ್ಥನು ಬಂದು, ಸ್ಟೆಮ್ ಸೆಲ್ ಸೂಜಿಮದ್ದನ್ನು ಹಾಕಿಸಿದರೆ ಹುಡುಗನು ಎದ್ದು ಓಡುವನೆಂದು ನಂಬಿಸಿ, ದೂರದ ಊರಿಗೆ ಕರೆದುಕೊಂಡು ಹೋಗಿದ್ದನು. ಅರ್ಧ ಎಕರೆ ಹೊಲವು ಅದಕ್ಕೆ ಹೋಯಿತು. ಹುಡುಗನು ಮೊದಲಿಗಿಂತ ಹೆಚ್ಚಾಗಿಯೇ ಬೀಳತೊಡಗಿದನು. ನಾಚಿಕೆಯಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ಸಂಶಯದ ಬೇರು ಎಲ್ಲಿದೆಯೆಂದು ನಮಗೆ ಆಗ ತಿಳಿಯಿತು.

ವಾಚಕರೇ, ಇದನ್ನು ಚೆನ್ನಾಗಿ ನೆನಪಿನಲ್ಲಿಡಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2017ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ, ರಕ್ತದ ಕೆಲವು ರೋಗಗಳಿಗೆ ಅಸ್ಥಿಮಜ್ಜೆ ಮುಂತಾದ ಕಡೆಗಳ ರಕ್ತಜನಕ ಕೋಶಗಳನ್ನು ಹಾಕುವ ಚಿಕಿತ್ಸೆಯೊಂದನ್ನು ಬಿಟ್ಟು, ಆಕರಕೋಶಗಳ ಬೇರೆ ಯಾವ ಚಿಕಿತ್ಸೆಯೂ ಸಿದ್ಧವಾದ ಚಿಕಿತ್ಸೆಯಲ್ಲವೆಂದೂ, ಅಪ್ಪಣೆ ಪಡೆದ ಪರೀಕ್ಷೆಗಳ ಹೊರಗೆ ಅದನ್ನು ರೋಗಿಗಳಿಗೆ ಕೊಡುವದು ಅನೀತಿಯೆಂದೂ ಸ್ಪಷ್ಟವಾಗಿ ಬರೆದಿದ್ದಾರೆ. ಸ್ನಾಯುಕ್ಷಯಕ್ಕೆ ಸ್ಟೆಮ್ ಸೆಲ್ ಎಂದು ಹಣ ಕೇಳುವವನು ಯಾವ ಬಿಳಿ ಅಂಗಿಯನ್ನು ತೊಟ್ಟಿದ್ದರೂ ಅವನ ಮಾತಿಗೆ ಕಿವಿಗೊಡಬೇಡಿರಿ. ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಜನರು ಬರುತ್ತಾರೆ. ಒಬ್ಬನು ಏನನ್ನೂ ವಾಗ್ದಾನ ಮಾಡದೆ ಒಂದು ಚೂರನ್ನು ಬೇಡುತ್ತಾನೆ. ಇನ್ನೊಬ್ಬನು ಎಲ್ಲವನ್ನೂ ವಾಗ್ದಾನ ಮಾಡಿ ಹೊಲವನ್ನು ಬರೆಯಿಸಿಕೊಳ್ಳುತ್ತಾನೆ. ಮೊದಲನೆಯವನ ಮಾತು ಕಹಿಯಾದ್ದರಿಂದ ಅವನನ್ನು ಕಟುಕನೆನ್ನುತ್ತೇವೆ. ಎರಡನೆಯವನ ಮಾತು ಸಿಹಿಯಾದ್ದರಿಂದ ಅವನ ಕಾಲಿಗೆ ಬೀಳುತ್ತೇವೆ. ಹೇಳಿದರೆ ಕೆಲವರಿಗೆ ಬೇಸರವಾದೀತು, ಆದರೂ ಹೇಳುತ್ತೇವೆ: ಮೈದಾನಗಳಲ್ಲಿ ಚಪ್ಪರ ಹಾಕಿ, ಕಾಣಿಕೆಯ ಚೀಲವನ್ನು ಮುಂದಿಟ್ಟು, ನಿಮ್ಮ ನಂಬಿಕೆ ಸಾಲದೆ ಹೋದದ್ದರಿಂದ ಮಗನಿಗೆ ಗುಣವಾಗಲಿಲ್ಲವೆಂದು ತಾಯಂದಿರಿಗೆ ಹೇಳಿ ಹೋಗುವವರೂ ಈ ಎರಡನೆಯ ಸಾಲಿನವರೇ.

ಫಲವಿಲ್ಲದ ಕೊಡುವಿಕೆಯನ್ನು ಕುರಿತು ಅಜ್ಜಿಯ ಸಂಗಡ ಬಹಳ ಹೊತ್ತು ಮಾತಾಡಿದೆವು. ಆಕೆಯ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಹುಣಿಸೇಮರವುಂಟು. ಆಕೆಯ ಮಾವನ ತಂದೆ ನೆಟ್ಟದ್ದಂತೆ. ಅವನು ಅದರ ಒಂದು ಹುಣಿಸೇಹಣ್ಣನ್ನೂ ಕಾಣದೆ ಸತ್ತನಂತೆ. “ಅವನು ಮರವನ್ನು ನೆಟ್ಟನು, ಮೊಮ್ಮಗನನ್ನು ನೆಡಲಿಲ್ಲ” ಎಂದು ಅಜ್ಜಿಯು ಹೇಳಿದಳು. ಈ ಮಾತು ನ್ಯಾಯವಾದದ್ದು. ತನ್ನ ಶರೀರವನ್ನು ಕೊಡುವದು ಪ್ರೀತಿ. ಇನ್ನೊಬ್ಬನ ಶರೀರವನ್ನು ಕೊಟ್ಟು ಪ್ರೀತಿಯೆಂದು ಹೇಳಿಕೊಳ್ಳುವದು ಬೇರೆ. ಮಗನನ್ನು ಯಜ್ಞವೇದಿಯ ಮೇಲೆ ಇಟ್ಟ ಅಬ್ರಹಾಮನ ಕೈಯನ್ನು ದೇವರು ತಡೆದನೆಂಬದನ್ನು ತಂದೆತಾಯಿಗಳು ಮರೆಯಬಾರದು. ಆದಕಾರಣ ಮಗುವಿನ ವಿಷಯದಲ್ಲಿ ಅಳತೆಯು ಬಹು ಮುಖ್ಯವೆಂದು ನಮಗೆ ತೋರಿತು. ತೊಡೆಯ ಸ್ನಾಯುವನ್ನು ಕೊಯ್ಯುವದು ಒಂದು. ಅಕ್ಕಿಕಾಳಿನಷ್ಟು ಚರ್ಮ ಇನ್ನೊಂದು. ಹೇಗೂ ಪರೀಕ್ಷೆಗಾಗಿ ತೆಗೆಯುವ ರಕ್ತದಲ್ಲಿ ನಾಲ್ಕು ಹನಿ ಹೆಚ್ಚಾಗಿ ತೆಗೆಯುವದು ಮತ್ತೊಂದು. ರಕ್ತದ ಕೋಶಗಳಿಂದಲೂ ಆಕರಕೋಶಗಳನ್ನು ಮಾಡಬಹುದೆಂದು ಓದಿದ್ದ ನಾವು ಇದನ್ನು ತಾಯಿಗೆ ತಿಳಿಸಿದೆವು. ಆಕೆಯು ಮುಂದಿನ ಸಾರಿ ದವಾಖಾನೆಗೆ ಹೋದಾಗ ಚರ್ಮದ ಬದಲು ರಕ್ತವಾಗುವದೋ ಎಂದು ತಾನೇ ಕೇಳಿದಳು. ಆಗುವದೆಂದರು. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದಳಂತೆ! ಕೊಟ್ಟದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಹುಡುಗನ ಹೆಸರು ಯಾರಿಗೆ ತಿಳಿಯುವದು, ನಾಳೆ ಬೇಡವೆನಿಸಿದರೆ ಹಿಂತೆಗೆದುಕೊಳ್ಳಬಹುದೋ, ಕೊಡದಿದ್ದರೆ ನಮ್ಮ ಹುಡುಗನ ಔಷಧಕ್ಕೆ ತಡೆಯಾಗುವದೋ ಎಂಬದನ್ನೂ ಒಂದೊಂದಾಗಿ ಕೇಳಿ ಉತ್ತರ ಪಡೆದಳು. ಆರನೆಯ ತರಗತಿಯ ವರೆಗೆ ಓದಿದ ಹೆಂಗಸು.

ಒಂದನ್ನು ಮಾತ್ರ ನಾವೆಲ್ಲರೂ ಮರೆತಿದ್ದೆವು. ಏಳು ವರುಷ ಮೀರಿದ ಮ‌ಗುವಾದರೆ ಹೆತ್ತವರ ಒಪ್ಪಿಗೆಯ ಸಂಗಡ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ಅದೇ ಮಂಡಳಿಯ ನಿಯಮಗಳು ಹೇಳುತ್ತವೆ. ತಾಯಿ, ಅತ್ತೆ, ಉಪದೇಶಿ, ವೈದ್ಯರು ಎಲ್ಲರೂ ಹುಡುಗನ ತಲೆಯ ಮೇಲೆಯೇ ಮಾತಾಡುತ್ತಿದ್ದೆವು. ಐದು ರೊಟ್ಟಿಗಳೂ ಎರಡು ಮೀನುಗಳೂ ಇದ್ದ ಹುಡುಗನ ಸಂಗತಿಯನ್ನು ರವಿವಾರದ ಶಾಲೆಯಲ್ಲಿ ಎಷ್ಟು ಸಾರಿ ಕಲಿಸಿದವರು ನಾವು. ಆ ಬುತ್ತಿಯನ್ನು ಅವನ ಕೈಯಿಂದ ಕಸುಕೊಂಡರೆಂದು ಎಲ್ಲಿಯೂ ಬರೆದಿಲ್ಲ. ಕಡೆಗೆ ತಾಯಿಯು ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದಳು. ಇದರಿಂದ ನಿನ್ನ ಕಾಲುಗಳಿಗೆ ಬಲಬರುವದಿಲ್ಲ ಎಂಬದನ್ನೂ ಹೇಳಿದಳು. ಹೇಳುವಾಗ ಆಕೆಯ ಧ್ವನಿ ನಡುಗಿತು. ಹುಡುಗನು ಸ್ವಲ್ಪ ಯೋಚಿಸಿ, “ಬಟ್ಟಲಲ್ಲಿರುವದಕ್ಕೆ ನೋವಾಗುವದೋ?” ಎಂದು ಕೇಳಿದನು. ಅದಕ್ಕೆ ಮನಸ್ಸಿಲ್ಲ, ನೋವೂ ಆಗುವದಿಲ್ಲವೆಂದು ನಾವು ಹೇಳಿದೆವು. “ಹಾಗಾದರೆ ತೆಗೆದುಕೊಳ್ಳಲಿ. ಆದರೆ ಸೂಜಿಯನ್ನು ಒಂದೇ ಸಾರಿ ಚುಚ್ಚಬೇಕು” ಎಂದನು.

ಒಂದೇ ಸಾರಿ ಚುಚ್ಚಿದರು. ಸಹಿ ಮಾಡಿದ ಕಾಗದದ ನಕಲು ತಾಯಿಯ ಪೆಟ್ಟಿಗೆಯಲ್ಲಿ, ಮದುವೆಯಲ್ಲಿ ಕೊಟ್ಟ ಸತ್ಯವೇದದೊಳಗೆ ಇದೆ. ಬೆಂಗಳೂರಿನಲ್ಲಿ ಆಕರಕೋಶಗಳ ವಿಷಯವಾಗಿ ಇನ್‌ಸ್ಟೆಮ್ ಎಂಬ ದೊಡ್ಡ ಸಂಸ್ಥೆಯುಂಟೆಂದೂ, ಮಿಶನರಿ ವೈದ್ಯೆ ಐಡಾ ಸ್ಕಡ್ಡರ್ ಅಮ್ಮನವರು 1900ರಲ್ಲಿ ಒಂದೇ ಮಂಚದಿಂದ ಆರಂಭಿಸಿದ ವೇಲೂರಿನ ಆಸ್ಪತ್ರೆಯಲ್ಲಿ ಅದರ ಭಾಗವಾದ ಒಂದು ಕೇಂದ್ರವಿದೆಯೆಂದೂ ನಾವು ಹೇಳಿದಾಗ, ಅಜ್ಜಿಯು ವೇಲೂರಿನ ಹೆಸರು ಕೇಳಿ ಸ್ವಲ್ಪ ಮೆತ್ತಗಾದಳು. ಆದರೂ ಆಕೆಯ ಮನಸ್ಸು ಇಂದಿಗೂ ಪೂರ್ತಿಯಾಗಿ ಒಪ್ಪಲಿಲ್ಲ. ಒಪ್ಪಿಸುವದಕ್ಕೆ ನಾವೂ ಹೋಗಲಿಲ್ಲ.

ನಮ್ಮ ದೇವಾಲಯದ ಬಾಗಲಿಗೆ ಐದು ಮೆಟ್ಟಲುಗಳು. ಹುಡುಗನನ್ನು ಇಷ್ಟು ದಿನ ಅವನ ಸೋದರಮಾವನು ಎತ್ತಿಕೊಂಡು ಬರುತ್ತಿದ್ದನು. ಪಂಚರ ಕೂಟದಲ್ಲಿ ವಿಷಯವನ್ನು ಎತ್ತಿದಾಗ, ಕಲ್ಲುಕೆಲಸ ಬಲ್ಲ ಇಬ್ಬರು ಸಹೋದರರು ಮೆಟ್ಟಲುಗಳ ಪಕ್ಕದಲ್ಲಿ ಇಳಿಜಾರು ಹಾಸುವದಕ್ಕೆ ಒಪ್ಪಿಕೊಂಡರು. ಗಾಲಿಯ ಕುರ್ಚಿಯು ಇನ್ನೂ ಬಂದಿಲ್ಲ. ಇಳಿಜಾರು ಕ್ರಿಸ್ಮಸ್ಸಿಗೆ ಮೊದಲೇ ಮುಗಿಯಿತು.